ಅಪ್‌ಡೇಟ್ ಹಾಕುವುದೋ, ಹಳೆಯದಕ್ಕೆ ಇಳಿಸುವುದೋ: ಟ್ಯಾಬ್ ಹಟ ಹಿಡಿದಾಗ ನೋಡಬೇಕಾದ್ದು

ಹೊಸ ಆವೃತ್ತಿ ಹಾಕಿದ ಮರುದಿನ ಟ್ಯಾಬ್‌ನಲ್ಲಿ ಏನೇ ಕೆಟ್ಟರೂ ದೂರು ಅಪ್‌ಡೇಟ್ ಮೇಲೆಯೇ ಬೀಳುತ್ತದೆ. ಎಷ್ಟೋ ಸಲ ಅಸಲಿ ಕಾರಣ ಬೇರೆ ಇರುತ್ತದೆ: ಭರ್ತಿಯಾದ ಸ್ಟೋರೇಜ್, ಸವೆದ ಬ್ಯಾಟರಿ, ಹೊಸ ಆವೃತ್ತಿಗೆ ಹೊಂದಿಕೊಳ್ಳದ ಒಂದೇ ಒಂದು ಆ್ಯಪ್. ಹಾಗಂತ ತಿಂಗಳುಗಟ್ಟಲೆ ಕಾದು ನೋಡುವಂತೆಯೂ ಇಲ್ಲ. ಹಿಂದಿನ ಆವೃತ್ತಿಗೆ ಇಳಿಯುವ ಬಾಗಿಲು ವಿಂಡೋಸ್ ಟ್ಯಾಬ್‌ನಲ್ಲಿ ಹತ್ತು ದಿನಕ್ಕೆ, ಐಪ್ಯಾಡ್‌ನಲ್ಲಿ ಸಾಮಾನ್ಯವಾಗಿ ಒಂದೆರಡು ವಾರಕ್ಕೆ ಮುಚ್ಚುತ್ತದೆ. ಕೆಲವು ಆ್ಯಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಅಪ್‌ಡೇಟ್ ಮುಗಿಯುವಷ್ಟರಲ್ಲೇ ಮುಚ್ಚಿರುತ್ತದೆ.

ಹಾಗಾಗಿ ಯಾವ ಲಕ್ಷಣವೇ ಇರಲಿ, ಮೊದಲು ಒಂದು ಚೀಟಿಯಲ್ಲಿ ನಾಲ್ಕು ವಿವರ ಬರೆದಿಡಿ: ಮಾಡೆಲ್ ಸಂಖ್ಯೆ, ಬಿಲ್ಡ್ ಸಂಖ್ಯೆ (ಒಳಗಿರುವ ಸಿಸ್ಟಮ್‌ನ ಗುರುತು), ಸೆಕ್ಯುರಿಟಿ ಪ್ಯಾಚ್‌ನ ದಿನಾಂಕ, ಅಪ್‌ಡೇಟ್ ಹಾಕಿದ ದಿನ. ಆ್ಯಂಡ್ರಾಯ್ಡ್‌ನಲ್ಲಿ ಮೊದಲ ಮೂರು ಸೆಟ್ಟಿಂಗ್ಸ್‌ನ ‘ಅಬೌಟ್ ಟ್ಯಾಬ್ಲೆಟ್’ ಒಳಗೆ ಸಿಗುತ್ತವೆ. ಐಪ್ಯಾಡ್‌ನಲ್ಲಿ ‘ಜನರಲ್’ಗೆ ಹೋಗಿ ‘ಅಬೌಟ್’ ನೋಡಿ. ಅಲ್ಲಿ ಪ್ಯಾಚ್ ದಿನಾಂಕ ಇರುವುದಿಲ್ಲ, ಆವೃತ್ತಿ ಸಂಖ್ಯೆ ಸಾಕು. ಟ್ಯಾಬ್ ಪೂರ್ತಿ ಮಲಗಿಬಿಟ್ಟ ಮೇಲೆ ಈ ಸಂಖ್ಯೆಗಳನ್ನು ಹುಡುಕುವುದು ಬಹಳ ಕಷ್ಟ.

“ಅಪ್‌ಡೇಟ್ ಬಂದಿದೆ ಅಂತ ದಿನಾ ಕೇಳ್ತಿದೆ, ಹಾಕಲಾ ಬೇಡವಾ?”

ಬಂದಿರುವುದು ಯಾವ ಅಪ್‌ಡೇಟ್ ಎಂದು ಮೊದಲು ಓದಿ. ಕೆಲವು ನೂರು ಎಂಬಿಯ ಸೆಕ್ಯುರಿಟಿ ಪ್ಯಾಚ್ ಆಗಿದ್ದರೆ ಹಾಕಿಬಿಡಿ, ಯೋಚಿಸುವಂಥದ್ದೇನಿಲ್ಲ. ಆವೃತ್ತಿಯ ಸಂಖ್ಯೆಯೇ ಬದಲಾಗುವ, ಒಂದೆರಡು ಜಿಬಿಗೂ ಮೀರಿದ ದೊಡ್ಡ ಅಪ್‌ಡೇಟ್ ಆದರೆ ಎರಡು ಮೂರು ವಾರ ತಡೆಯುವುದು ಲೇಸು. 2024ರ ಸೆಪ್ಟೆಂಬರ್‌ನಲ್ಲಿ ಐಪ್ಯಾಡ್‌ಒಎಸ್ 18 ಬಂದಾಗ ಎಂ4 ಚಿಪ್‌ನ ಕೆಲವು ಐಪ್ಯಾಡ್ ಪ್ರೊಗಳು ಅಪ್‌ಡೇಟ್ ನಡುವೆಯೇ ಸತ್ತು ಬಿದ್ದವು. ಆ್ಯಪಲ್ ಆ ಮಾಡೆಲ್‌ಗಳಿಗೆ ಅಪ್‌ಡೇಟ್ ಹಿಂತೆಗೆದುಕೊಂಡು, ಅಕ್ಟೋಬರ್ ಮೊದಲ ವಾರದಲ್ಲಿ 18.0.1 ಕೊಟ್ಟಿತು. ಎರಡು ಮೂರು ವಾರ ಕಾದವರಿಗೆ ಈ ತೊಂದರೆ ತಟ್ಟಲೇ ಇಲ್ಲ.

ಕಾಯುವುದೆಂದರೆ ರಕ್ಷಣೆ ಇಲ್ಲದೆ ಕೂರುವುದಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಐಪ್ಯಾಡ್‌ಒಎಸ್ 26 ಬಂದ ದಿನವೇ ಹಳೆಯ ಸಾಲಿಗೆ 18.7 ಕೂಡ ಬಂತು. ಇಂಥ ಆಯ್ಕೆ ಇದ್ದಾಗ ಹಳೆಯ ಸಾಲಿನ ಪ್ಯಾಚ್ ಹಾಕಿಕೊಂಡು ದೊಡ್ಡ ಜಿಗಿತವನ್ನು ಮುಂದೂಡಬಹುದು.

ಇನ್ನು ರ‍್ಯಾಮ್. ಎರಡು ಮೂರು ಜಿಬಿಯ ಟ್ಯಾಬ್‌ಗೆ ಅದರ ಆಯಸ್ಸಿನ ಕೊನೆಯ ದೊಡ್ಡ ಅಪ್‌ಡೇಟ್ ಅನೇಕ ಸಲ ಭಾರವಾಗುತ್ತದೆ. 2012ರ ನೆಕ್ಸಸ್ 7 ಇದಕ್ಕೆ ಒಳ್ಳೆಯ ಉದಾಹರಣೆ. 1 ಜಿಬಿ ರ‍್ಯಾಮ್‌ನ ಆ ಟ್ಯಾಬ್ ಆ್ಯಂಡ್ರಾಯ್ಡ್ 4.1ರಲ್ಲಿ ಚುರುಕಾಗಿತ್ತು, 5.0 ಹಾಕಿದ ಮೇಲೆ ಕೀಬೋರ್ಡ್ ಮೇಲೆ ಬರುವುದಕ್ಕೂ ಕಾಯಬೇಕಾಯಿತು. ಗೂಗಲ್ ಹಳೆಯ ಫ್ಯಾಕ್ಟರಿ ಇಮೇಜ್‌ಗಳನ್ನು (ಸಿಸ್ಟಮ್‌ನ ಪೂರ್ತಿ ಫೈಲುಗಳನ್ನು) ಬಹಿರಂಗವಾಗಿ ಇಟ್ಟಿದ್ದರಿಂದ ಜನ 4.4ಕ್ಕೆ ಇಳಿದು ಬಚಾವಾದರು. ಇವತ್ತಿನ ಹೆಚ್ಚಿನ ಟ್ಯಾಬ್‌ಗಳಿಗೆ ಆ ಅನುಕೂಲವಿಲ್ಲ.

ಹಾಗೆಂದು ಹಳೆಯದರಲ್ಲೇ ಕೂತರೆ ಆ್ಯಪ್‌ಗಳೇ ಕೈಬಿಡುತ್ತವೆ. ಆ್ಯಂಡ್ರಾಯ್ಡ್ 8 ಮತ್ತು 9ಕ್ಕೆ ಕ್ರೋಮ್ ಬ್ರೌಸರ್‌ನ 138ನೆಯ ಆವೃತ್ತಿಯೇ ಕೊನೆ. 2025ರಲ್ಲಿ ಬಂದ 139ಕ್ಕೆ ಆ್ಯಂಡ್ರಾಯ್ಡ್ 10 ಬೇಕು. ಟ್ಯಾಬ್‌ನಲ್ಲಿ ಬ್ಯಾಂಕ್ ವ್ಯವಹಾರ ಮಾಡುವವರು ರಕ್ಷಣಾ ಪ್ಯಾಚ್ ನಿಂತುಹೋದ ಆವೃತ್ತಿಗೆ ಇಳಿಯುವ ಯೋಚನೆಯನ್ನೇ ಬಿಡಬೇಕು. ಅಡುಗೆಮನೆಯಲ್ಲಿ ಹಾಡು ಕೇಳುವುದಕ್ಕೆ, ಮಕ್ಕಳಿಗೆ ಡೌನ್‌ಲೋಡ್ ಮಾಡಿದ ವಿಡಿಯೊ ತೋರಿಸುವುದಕ್ಕೆ ಇಟ್ಟುಕೊಂಡ ಟ್ಯಾಬ್ ಆದರೆ ಲೆಕ್ಕ ಬೇರೆ.

ಹಾಕುವುದೆಂದು ನಿರ್ಧರಿಸಿದರೆ ಮೂರು ತಯಾರಿ ಬೇಕು. ಫೋಟೊ, ಫೈಲುಗಳ ಬ್ಯಾಕಪ್ ಟ್ಯಾಬ್‌ನ ಹೊರಗೆ ಇರಲಿ. ಅಪ್‌ಡೇಟ್‌ನ ಗಾತ್ರಕ್ಕಿಂತ ಎರಡು ಪಟ್ಟಾದರೂ ಜಾಗ ಖಾಲಿ ಇರಲಿ. ಚಾರ್ಜ್ 50 ಶೇಕಡಾಕ್ಕಿಂತ ಮೇಲಿರಲಿ. ಐಪ್ಯಾಡ್ ಇರುವವರು ಕಂಪ್ಯೂಟರ್‌ನಲ್ಲಿ ಬ್ಯಾಕಪ್ ತೆಗೆದು, ‘ಮ್ಯಾನೇಜ್ ಬ್ಯಾಕಪ್ಸ್’ ಪಟ್ಟಿಯಲ್ಲಿ ಅದನ್ನು ಆರ್ಕೈವ್ ಮಾಡಿಡಿ. ಇಲ್ಲದಿದ್ದರೆ ಮುಂದಿನ ಬ್ಯಾಕಪ್ ಇದರ ಮೇಲೆಯೇ ಬರೆದುಕೊಳ್ಳುತ್ತದೆ. ಯಾಕೆ ಬೇಕು ಎನ್ನುವುದು ಐಪ್ಯಾಡ್ ಇಳಿಸುವ ಭಾಗದಲ್ಲಿ ಗೊತ್ತಾಗುತ್ತದೆ.

“ಅಪ್‌ಡೇಟ್ ಆದಾಗಿನಿಂದ ಬಿಸಿ ಆಗ್ತಿದೆ, ಬ್ಯಾಟರಿ ನಿಲ್ತಿಲ್ಲ”

ಮೊದಲ ಎರಡು ಮೂರು ದಿನ ಇದು ದೋಷವಲ್ಲ. ಆ್ಯಪ್‌ಗಳನ್ನು ಹೊಸ ಆವೃತ್ತಿಗೆ ತಕ್ಕಂತೆ ಮತ್ತೆ ಸಿದ್ಧಪಡಿಸುವುದು, ಫೋಟೊಗಳ ಸೂಚಿ ಹೊಸದಾಗಿ ಕಟ್ಟುವುದು, ಹತ್ತಾರು ಆ್ಯಪ್‌ಗಳು ಒಟ್ಟಿಗೆ ಅಪ್‌ಡೇಟ್ ಆಗುವುದು, ಎಲ್ಲ ಹಿನ್ನೆಲೆಯಲ್ಲಿ ನಡೆಯುತ್ತಿರುತ್ತದೆ. ರಾತ್ರಿ ಚಾರ್ಜರ್ ಮತ್ತು ವೈಫೈ ಹಾಕಿ, ಗಾಳಿಯಾಡುವ ಜಾಗದಲ್ಲಿ, ಹಾಸಿಗೆ ದಿಂಬಿನ ಮೇಲಲ್ಲ, ಹಾಗೇ ಬಿಡಿ. ಎರಡು ರಾತ್ರಿಯಲ್ಲಿ ಮುಗಿಯಬೇಕು.

ನಾಲ್ಕನೆಯ ದಿನವೂ ಹಾಗೇ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಬಳಕೆಯ ಪಟ್ಟಿ ತೆರೆಯಿರಿ. ಒಂದೇ ಆ್ಯಪ್ ಮೇಲ್ತುದಿಯಲ್ಲಿ ಕೂತಿದ್ದರೆ ಅದನ್ನು ತೆಗೆದು ಮತ್ತೆ ಹಾಕಿ. ಯಾವುದೂ ಎದ್ದು ಕಾಣದೆ ಚಾರ್ಜ್ ಮಾತ್ರ 30ರಿಂದ ಸೀದಾ 5ಕ್ಕೆ ಕುಸಿಯುತ್ತಿದ್ದರೆ ಸವೆದಿರುವುದು ಬ್ಯಾಟರಿಯ ಸೆಲ್. ಆವೃತ್ತಿ ಹಿಂದಕ್ಕೆ ಇಳಿಸಿದರೂ ಅದು ಹಾಗೇ ಕುಸಿಯುತ್ತದೆ, ದುಡಿಮೆ ದಂಡ.

“ತುಂಬಾ ಸ್ಲೋ ಆಗಿದೆ”

ಸ್ಟೋರೇಜ್ ನೋಡಿ. 32 ಜಿಬಿಯ ಟ್ಯಾಬ್‌ನಲ್ಲಿ ಸಿಸ್ಟಮ್ಮೇ ದೊಡ್ಡ ಪಾಲು ನುಂಗಿರುತ್ತದೆ, ದೊಡ್ಡ ಅಪ್‌ಡೇಟ್ ಇನ್ನಷ್ಟು ಕಬಳಿಸುತ್ತದೆ. ಅಗ್ಗದ ಟ್ಯಾಬ್‌ಗಳ ಇಎಂಎಂಸಿ ಎಂಬ ಬಗೆಯ ಸ್ಟೋರೇಜ್ ಭರ್ತಿಯಾಗುತ್ತ ಬಂದಂತೆ ಬರೆಯುವ ವೇಗ ಕಳೆದುಕೊಳ್ಳುತ್ತದೆ. ಒಟ್ಟು ಜಾಗದಲ್ಲಿ ಐದನೇ ಒಂದು ಪಾಲು ಖಾಲಿ ಮಾಡಿ, ರೀಸ್ಟಾರ್ಟ್ ಮಾಡಿ, ಒಂದು ದಿನ ಬಳಸಿ ನೋಡಿ. ಕಾಸು ಖರ್ಚಿಲ್ಲದ ಈ ಕೆಲಸದಲ್ಲೇ ಬಹಳ ಟ್ಯಾಬ್‌ಗಳು ಸುಧಾರಿಸುತ್ತವೆ.

ಆಗಲಿಲ್ಲವೇ, ಆ್ಯಂಡ್ರಾಯ್ಡ್ ಟ್ಯಾಬ್ ಆದರೆ ಸೇಫ್ ಮೋಡ್‌ಗೆ ಹೋಗಿ. ಪವರ್ ಮೆನು ತೆರೆದು ‘ಪವರ್ ಆಫ್’ ಗುರುತನ್ನು ಒತ್ತಿ ಹಿಡಿದರೆ ಆಯ್ಕೆ ಬರುತ್ತದೆ. ಅಲ್ಲಿ ನೀವು ಹಾಕಿಕೊಂಡ ಆ್ಯಪ್‌ಗಳು ಯಾವುವೂ ಓಡುವುದಿಲ್ಲ, ಕಂಪನಿ ಕೊಟ್ಟವು ಮಾತ್ರ ಓಡುತ್ತವೆ. ಸೇಫ್ ಮೋಡ್‌ನಲ್ಲಿ ಚುರುಕಾಗಿದ್ದರೆ ತಪ್ಪು ಆ್ಯಪ್‌ಗಳದ್ದು. ಲಾಂಚರ್ (ಹೋಮ್ ಪರದೆ ಬದಲಿಸುವ ಆ್ಯಪ್), ‘ಕ್ಲೀನರ್’, ‘ಬೂಸ್ಟರ್’ ಎಂಬ ಹೆಸರಿನವನ್ನು ಮೊದಲು ಕಿತ್ತುಹಾಕಿ. ವೇಗ ಹೆಚ್ಚಿಸುತ್ತೇವೆಂದು ಬಂದ ಇವೇ ಸಾಮಾನ್ಯವಾಗಿ ಮುಖ್ಯ ಆರೋಪಿಗಳು. ಸೇಫ್ ಮೋಡ್‌ನಲ್ಲೂ ತೆವಳುತ್ತಿದ್ದರೆ ಅನುಮಾನ ಸಿಸ್ಟಮ್ ಕಡೆಗೆ ತಿರುಗುತ್ತದೆ.

ಸ್ಯಾಮ್‌ಸಂಗ್ ಟ್ಯಾಬ್‌ನಲ್ಲಿ ಮುಂದಿನ ಹೆಜ್ಜೆ ರಿಕವರಿ ಮೆನು, ಅಂದರೆ ಸಿಸ್ಟಮ್ ಸ್ಟಾರ್ಟ್ ಆಗುವ ಮೊದಲೇ ತೆರೆಯುವ ರಿಪೇರಿ ಪಟ್ಟಿ. ಟ್ಯಾಬ್ ಆಫ್ ಮಾಡಿ, ಪವರ್ ಮತ್ತು ವಾಲ್ಯೂಮ್ ಅಪ್ ಒಟ್ಟಿಗೆ ಒತ್ತಿ ಹಿಡಿಯಿರಿ. ಆ್ಯಂಡ್ರಾಯ್ಡ್ 11 ಮತ್ತು ಅದರ ನಂತರದ ಹಲವು ಮಾಡೆಲ್‌ಗಳಲ್ಲಿ ಯುಎಸ್‌ಬಿ ಕೇಬಲ್ ಕಂಪ್ಯೂಟರ್‌ಗೆ ಸಿಕ್ಕಿಸಿದ್ದರೆ ಮಾತ್ರ ಈ ಮೆನು ಬರುತ್ತದೆ. ‘ವೈಪ್ ಕ್ಯಾಶ್ ಪಾರ್ಟಿಷನ್’ ಆರಿಸಿ, ಅದು ಅಳಿಸುವುದು ಸಿಸ್ಟಮ್‌ನ ತಾತ್ಕಾಲಿಕ ಫೈಲುಗಳನ್ನು ಮಾತ್ರ. ಫೋಟೊ, ಫೈಲು ಏನೂ ಹೋಗುವುದಿಲ್ಲ. ‘ರಿಪೇರ್ ಆ್ಯಪ್ಸ್’ ಇದ್ದರೆ ಅದನ್ನೂ ಓಡಿಸಿ. ಇವುಗಳ ಪಕ್ಕದಲ್ಲೇ ‘ವೈಪ್ ಡೇಟಾ / ಫ್ಯಾಕ್ಟರಿ ರೀಸೆಟ್’ ಇರುತ್ತದೆ. ಅದು ಎಲ್ಲವನ್ನೂ ಅಳಿಸುತ್ತದೆ. ಮೆನುವಿನಲ್ಲಿ ವಾಲ್ಯೂಮ್ ಬಟನ್‌ನಿಂದಲೇ ಇಳಿಯಬೇಕು, ಬೆರಳು ಒಂದು ಸಾಲು ಜಾರುವುದು ಸುಲಭ.

“ಒಂದೇ ಆ್ಯಪ್ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತೆ”

ಒಂದು ಆ್ಯಪ್‌ಗಾಗಿ ಇಡೀ ಸಿಸ್ಟಮ್ ಇಳಿಸಬೇಡಿ. ಆ ಆ್ಯಪ್‌ನ ಕ್ಯಾಶ್ ಅಳಿಸಿ, ಅಪ್‌ಡೇಟ್ ಮಾಡಿ, ಕೊನೆಗೆ ತೆಗೆದು ಮತ್ತೆ ಹಾಕಿ. ಒಟ್ಟಿಗೆ ನಾಲ್ಕೈದು ಆ್ಯಪ್ ಹೀಗೆ ಮಾಡುತ್ತಿದ್ದರೆ ಪ್ಲೇ ಸ್ಟೋರ್‌ನಲ್ಲಿ ‘ಆ್ಯಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ’ ಹುಡುಕಿ ಅಪ್‌ಡೇಟ್ ಮಾಡಿ. ಆ್ಯಪ್‌ಗಳ ಒಳಗೆ ವೆಬ್ ಪುಟ ತೋರಿಸುವ ಭಾಗ ಅದು. 2021ರ ಮಾರ್ಚ್‌ನಲ್ಲಿ ಅದರ ಒಂದು ಕೆಟ್ಟ ಅಪ್‌ಡೇಟ್‌ನಿಂದ ಲೋಕದಾದ್ಯಂತ ಆ್ಯಂಡ್ರಾಯ್ಡ್ ಆ್ಯಪ್‌ಗಳು ತಾವಾಗಿ ಮುಚ್ಚಿಕೊಂಡಿದ್ದವು. ಬೈಗುಳ ತಿಂದದ್ದು ಫೋನು, ಟ್ಯಾಬ್ ಕಂಪನಿಗಳು.

ಕನ್ನಡ ಓದುವವರಿಗೆ ಇನ್ನೊಂದು ಸಣ್ಣ ತೊಂದರೆ: ಅಪ್‌ಡೇಟ್ ಆದ ಮೇಲೆ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬರುವುದು, ಅಕ್ಷರದ ಜಾಗದಲ್ಲಿ ಚೌಕ ಕಾಣುವುದು. ಹೊರಗಿನಿಂದ ಹಾಕಿಕೊಂಡ ಫಾಂಟ್ ಇದ್ದರೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ‘ಡೀಫಾಲ್ಟ್’ ಫಾಂಟ್‌ಗೆ ಮರಳಿ, ರೀಸ್ಟಾರ್ಟ್ ಮಾಡಿ. ವೈಫೈ ಪದೇ ಪದೇ ಕಡಿದು ಹೋಗುತ್ತಿದ್ದರೆ ‘ರೀಸೆಟ್ ನೆಟ್‌ವರ್ಕ್ ಸೆಟ್ಟಿಂಗ್ಸ್’ ಸಾಕು. ಪಾಸ್‌ವರ್ಡ್‌ಗಳನ್ನು ಮತ್ತೆ ಹಾಕಬೇಕಾಗುತ್ತದೆ, ಅಷ್ಟೇ ನಷ್ಟ.

“ಲೋಗೋ ಬಂದು ಅಲ್ಲೇ ನಿಂತುಬಿಟ್ಟಿದೆ”

ದೊಡ್ಡ ಅಪ್‌ಡೇಟ್ ನಂತರದ ಮೊದಲ ಸ್ಟಾರ್ಟ್ ನಿಧಾನ. ಅರ್ಧ ಗಂಟೆ ಚಾರ್ಜರ್ ಹಾಕಿ ಬಿಡಿ, ಮುಟ್ಟಬೇಡಿ. ಆಮೇಲೆ ಬಲವಂತದ ರೀಸ್ಟಾರ್ಟ್: ಸ್ಯಾಮ್‌ಸಂಗ್‌ನಲ್ಲಿ ಪವರ್ ಮತ್ತು ವಾಲ್ಯೂಮ್ ಡೌನ್ ಅನ್ನು ಏಳು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಿರಿ. ಹೋಮ್ ಬಟನ್ ಇಲ್ಲದ ಐಪ್ಯಾಡ್‌ನಲ್ಲಿ, ಮೇಲಿನ ಬಟನ್‌ಗೆ ಹತ್ತಿರದ ವಾಲ್ಯೂಮ್ ಬಟನ್ ಒತ್ತಿ ಬಿಡಿ, ಇನ್ನೊಂದು ವಾಲ್ಯೂಮ್ ಬಟನ್ ಒತ್ತಿ ಬಿಡಿ, ನಂತರ ಮೇಲಿನ ಬಟನ್ ಒತ್ತಿ ಹಿಡಿಯಿರಿ.

ಐಪ್ಯಾಡ್ ಆಗಲೂ ಏಳದಿದ್ದರೆ ಕಂಪ್ಯೂಟರ್‌ಗೆ ಸಿಕ್ಕಿಸಿ, ಅದೇ ಬಟನ್‌ಗಳ ಕ್ರಮದಲ್ಲಿ ಲೋಗೋ ಬಂದ ಮೇಲೂ ಬಿಡದೆ ಹಿಡಿದರೆ ಕೇಬಲ್ ಮತ್ತು ಕಂಪ್ಯೂಟರ್ ಚಿತ್ರದ ರಿಕವರಿ ಪರದೆ ಬರುತ್ತದೆ. ಕಂಪ್ಯೂಟರ್ ‘ಅಪ್‌ಡೇಟ್’, ‘ರಿಸ್ಟೋರ್’ ಎಂದು ಎರಡು ಆಯ್ಕೆ ಕೊಡುತ್ತದೆ. ಮೊದಲು ಒತ್ತಬೇಕಾದ್ದು ‘ಅಪ್‌ಡೇಟ್’. ಅದು ನಿಮ್ಮ ಫೈಲುಗಳನ್ನು ಉಳಿಸಿಕೊಂಡು ಸಿಸ್ಟಮ್ ಮಾತ್ರ ಮತ್ತೆ ಹಾಕುತ್ತದೆ. ‘ರಿಸ್ಟೋರ್’ ಎಲ್ಲ ಅಳಿಸುತ್ತದೆ. ಡೌನ್‌ಲೋಡ್ 15 ನಿಮಿಷ ಮೀರಿದರೆ ಐಪ್ಯಾಡ್ ರಿಕವರಿಯಿಂದ ತಾನೇ ಹೊರಬರುತ್ತದೆ. ನಿಧಾನದ ಇಂಟರ್ನೆಟ್‌ನಲ್ಲಿ ಇದು ಸಾಮಾನ್ಯ. ಗಾಬರಿಯಾಗದೆ ಡೌನ್‌ಲೋಡ್ ಮುಗಿಯಲು ಬಿಟ್ಟು, ಮತ್ತೆ ರಿಕವರಿಗೆ ಹಾಕಿ.

ಆ್ಯಂಡ್ರಾಯ್ಡ್‌ನಲ್ಲಿ ಕ್ಯಾಶ್ ಅಳಿಸಿದರೂ ಲೋಗೋ ದಾಟದಿದ್ದರೆ ಉಳಿಯುವುದು ಫ್ಯಾಕ್ಟರಿ ರೀಸೆಟ್. ಆ ಬಟನ್ ಒತ್ತುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಟ್ಯಾಬ್‌ನಲ್ಲಿದ್ದ ಗೂಗಲ್ ಖಾತೆಯ ವಿಳಾಸ, ಪಾಸ್‌ವರ್ಡ್ ನಮಗೆ ಗೊತ್ತಿದೆಯೇ? ಆ್ಯಂಡ್ರಾಯ್ಡ್ 5.1ರಿಂದ ಈಚೆಗೆ, ರಿಕವರಿಯಿಂದ ರೀಸೆಟ್ ಮಾಡಿದ ಸಾಧನ ಹಳೆಯ ಖಾತೆಯನ್ನು ಕೇಳದೆ ಒಳಗೆ ಬಿಡುವುದಿಲ್ಲ. ಎಷ್ಟೋ ಮನೆಗಳಲ್ಲಿ ಟ್ಯಾಬ್ ಕೊಂಡ ದಿನ ಅಂಗಡಿಯ ಹುಡುಗನೇ ಜಿಮೇಲ್ ಮಾಡಿಕೊಟ್ಟಿರುತ್ತಾನೆ, ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ. ಅಂಥ ಟ್ಯಾಬ್ ರೀಸೆಟ್ ಮಾಡಿದರೆ ಲೋಗೋದ ಜೈಲಿನಿಂದ ತಪ್ಪಿಸಿ ಲಾಗಿನ್ ಜೈಲಿಗೆ ಹಾಕಿದಂತೆ. ಮೊದಲು ಫೋನಿನಿಂದ ಆ ಖಾತೆಯ ಪಾಸ್‌ವರ್ಡ್ ಸರಿಮಾಡಿಕೊಳ್ಳಿ. ಆಗದಿದ್ದರೆ ಖರೀದಿಯ ಬಿಲ್ ಹಿಡಿದು ಸರ್ವಿಸ್ ಸೆಂಟರ್‌ಗೆ ಹೋಗಿ.

“ಎಲ್ಲಾ ಮಾಡಿ ಆಯ್ತು. ಈಗ ಹಳೆಯದಕ್ಕೆ ಇಳಿಸಬಹುದಾ?”

ವಿಂಡೋಸ್ ಟ್ಯಾಬ್ ಆದರೆ ಕೆಲಸ ಸುಲಭ. ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿಯಲ್ಲಿ ‘ಗೋ ಬ್ಯಾಕ್’ ಬಟನ್ ಇದೆ. ದೊಡ್ಡ ಅಪ್‌ಡೇಟ್ ಆದ 10 ದಿನ ಮಾತ್ರ ಅದು ಜೀವಂತ. ಜಾಗ ಸಾಲದೆಂದು ಡಿಸ್ಕ್ ಕ್ಲೀನಪ್‌ನಲ್ಲಿ ‘ಹಿಂದಿನ ವಿಂಡೋಸ್’ನ ಫೈಲುಗಳನ್ನು ಅಳಿಸಿದ್ದರೆ ಆ ಬಟನ್ ಅವತ್ತೇ ಸತ್ತಿತು. 10ಕ್ಕೆ ಮರಳುವ ಆಸೆಯಿದ್ದರೆ ಇದೂ ನೆನಪಿರಲಿ: ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು.

ಐಪ್ಯಾಡ್‌ನಲ್ಲಿ ಯಾವ ಆವೃತ್ತಿ ಹಾಕಬಹುದು ಎಂಬುದನ್ನು ತೀರ್ಮಾನಿಸುವುದು ಆ್ಯಪಲ್‌ನ ಸರ್ವರ್. ಸಿಸ್ಟಮ್ ಫೈಲ್ ನಿಮ್ಮ ಕೈಯಲ್ಲಿದ್ದರೂ ಆ ಸರ್ವರ್ ಸಹಿ ಹಾಕದೆ ಅದು ಕೂರುವುದಿಲ್ಲ. ಹೊಸದು ಬಂದ ಮೇಲೆ ಹಳೆಯದಕ್ಕೆ ಸಹಿ ಸಿಗುವುದು ಸಾಮಾನ್ಯವಾಗಿ ಒಂದೆರಡು ವಾರ. ಅಷ್ಟರಲ್ಲಿ ಇಳಿಸುವುದಾದರೆ ‘ಫೈಂಡ್ ಮೈ’ ಆಫ್ ಮಾಡಿ, ನಿಮ್ಮ ಮಾಡೆಲ್‌ಗೇ ಆದ ಫೈಲ್ ತಂದು, ಮ್ಯಾಕ್‌ನಲ್ಲಿ ಆಪ್ಷನ್ ಕೀ, ವಿಂಡೋಸ್‌ನಲ್ಲಿ ಶಿಫ್ಟ್ ಕೀ ಹಿಡಿದು ‘ರಿಸ್ಟೋರ್’ ಒತ್ತಿ ಆ ಫೈಲ್ ತೋರಿಸಬೇಕು. ಹೊಸ ಆವೃತ್ತಿಯಲ್ಲಿ ತೆಗೆದ ಬ್ಯಾಕಪ್ ಹಳೆಯದರಲ್ಲಿ ಕೂರುವುದಿಲ್ಲ. ಮೊದಲೇ ಆರ್ಕೈವ್ ಮಾಡಿಟ್ಟ ಬ್ಯಾಕಪ್ ಕೆಲಸಕ್ಕೆ ಬರುವುದು ಇಲ್ಲಿ. ಅದಿಲ್ಲದಿದ್ದರೆ ಖಾಲಿ ಐಪ್ಯಾಡ್ ಸಿಗುತ್ತದೆ. ಸಹಿ ನಿಂತ ಮೇಲೂ ಇಳಿಸಿಕೊಡುತ್ತೇವೆಂದು ದುಡ್ಡು ಕೇಳುವ ಸಾಫ್ಟ್‌ವೇರ್‌ಗಳನ್ನು ನಂಬಬೇಡಿ.

ಆ್ಯಂಡ್ರಾಯ್ಡ್‌ನಲ್ಲಿ ಒಂದು ತಪ್ಪು ತಿಳಿವಳಿಕೆ ಓಡಾಡುತ್ತಿದೆ. 2016ರ ಆ್ಯಂಡ್ರಾಯ್ಡ್ 7ರಿಂದ ಬಂದ ಎರಡು ಸ್ಲಾಟ್‌ಗಳ (ಸಿಸ್ಟಮ್ ಇಡುವ ಎರಡು ಜಾಗಗಳ) ವ್ಯವಸ್ಥೆಯಲ್ಲಿ ಹಳೆಯ ಸಿಸ್ಟಮ್ ಇನ್ನೊಂದು ಸ್ಲಾಟ್‌ನಲ್ಲಿ ಕೂತಿರುತ್ತದೆ, ಬೇಕಾದಾಗ ಬದಲಿಸಬಹುದು ಎಂದು. ಹೊಸದು ಸ್ಟಾರ್ಟ್ ಆಗಲು ಸೋತರೆ ಹಳೆಯದಕ್ಕೆ ತಾನಾಗಿ ಮರಳುವುದಕ್ಕಷ್ಟೇ ಆ ಏರ್ಪಾಡು. ಒಮ್ಮೆ ಸರಿಯಾಗಿ ಸ್ಟಾರ್ಟ್ ಆಯಿತೆಂದರೆ ಹಿಂದಕ್ಕೆ ಹೋಗುವ ಸಲೀಸು ದಾರಿ ಬಳಕೆದಾರರಿಗೆ ಇಲ್ಲ. ಎಲ್ಲ ಟ್ಯಾಬ್‌ಗಳಲ್ಲಿ ಈ ವ್ಯವಸ್ಥೆ ಇರುವುದೂ ಇಲ್ಲ.

ಸ್ಯಾಮ್‌ಸಂಗ್ ಟ್ಯಾಬ್‌ನಲ್ಲಿ ಎಲ್ಲವೂ ಒಂದು ಅಂಕಿಯ ಮೇಲೆ ನಿಂತಿದೆ. ಚೀಟಿಯಲ್ಲಿ ಬರೆದ ಬಿಲ್ಡ್ ಸಂಖ್ಯೆ ತೆಗೆಯಿರಿ. ಅದು ‘ಟಿ500 – ಎಕ್ಸ್‌ಎಕ್ಸ್ – ಯು – 4 – ಸಿ – ವಿ – ಕೆ – 1’ ಎಂಬ ಧಾಟಿಯಲ್ಲಿರುತ್ತದೆ ಎಂದುಕೊಳ್ಳಿ (ಟ್ಯಾಬ್ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಗೆರೆಗಳಿಲ್ಲದೆ). ಟಿ500 ಮಾಡೆಲ್. ‘ವಿ’ ವರ್ಷ, ‘ಯು’ 2021 ಆದರೆ ‘ವಿ’ 2022, ‘ಡಬ್ಲ್ಯೂ’ 2023, ಹೀಗೆ. ‘ಕೆ’ ತಿಂಗಳು, ‘ಎ’ ಜನವರಿಯೆಂದು ಎಣಿಸಿದರೆ ನವೆಂಬರ್. ನಮಗೆ ಬೇಕಾದ್ದು ಕೊನೆಯಿಂದ ಐದನೆಯದು, ಇಲ್ಲಿ 4. ಅದು ಬೂಟ್‌ಲೋಡರ್‌ನ, ಅಂದರೆ ಟ್ಯಾಬ್ ಆನ್ ಆದಾಗ ಮೊದಲು ಓಡಿ ಸಿಸ್ಟಮ್ ಎಬ್ಬಿಸುವ ಪ್ರೋಗ್ರಾಂನ ಆವೃತ್ತಿ. ಇಳಿಸಬೇಕೆಂದಿರುವ ಹಳೆಯ ಫೈಲ್‌ನಲ್ಲೂ ಆ ಜಾಗದಲ್ಲಿ 4 ಇದ್ದರೆ, ಆ್ಯಂಡ್ರಾಯ್ಡ್ ಆವೃತ್ತಿ ಬೇರೆಯಾದರೂ ಇಳಿಸಬಹುದು. 3 ಇದ್ದರೆ ಆಗದು. ಈ ಅಂಕಿ ಮೇಲಕ್ಕಷ್ಟೇ ಹೋಗುತ್ತದೆ. ಒಮ್ಮೆ ಏರಿದ್ದು ಟ್ಯಾಬ್‌ನ ಚಿಪ್‌ನಲ್ಲೇ ದಾಖಲಾಗಿರುತ್ತದೆ, ಅಳಿಸಲಾಗದು. ಹಳೆಯ ಬೂಟ್‌ಲೋಡರ್‌ನ ರಕ್ಷಣಾ ಬಿರುಕಿನಿಂದ ಕಳ್ಳರು ನುಸುಳದಿರಲಿ ಎಂದು ಮಾಡಿದ ವ್ಯವಸ್ಥೆ ಇದು. ಕಣ್ತಪ್ಪಿ 3ರ ಫೈಲ್ ಹಾಕಲು ಹೋದರೆ ಡೌನ್‌ಲೋಡ್ ಮೋಡ್‌ನ (ಕಂಪ್ಯೂಟರ್‌ನಿಂದ ಸಿಸ್ಟಮ್ ಹಾಕಿಸಿಕೊಳ್ಳುವ ಸ್ಥಿತಿಯ) ಪರದೆಯಲ್ಲಿ ಕೆಂಪು ಅಕ್ಷರದಲ್ಲಿ ‘ಎಸ್‌ಡಬ್ಲ್ಯೂ ರೆವ್ ಚೆಕ್ ಫೇಲ್, ಡಿವೈಸ್ 4, ಬೈನರಿ 3’ ಎಂಬ ಅರ್ಥದ ಸಾಲು ಬರುತ್ತದೆ. ಅಲ್ಲಿಗೆ ಕೈಬಿಡಿ. ಬೇರೆ ಕೇಬಲ್, ಬೇರೆ ಕಂಪ್ಯೂಟರ್ ಏನು ಬದಲಿಸಿದರೂ ಅದು ಬಗ್ಗುವುದಿಲ್ಲ.

ಅಂಕಿ ಹೊಂದಿತು ಎಂದಿಟ್ಟುಕೊಳ್ಳಿ. ಈ ಕೆಲಸಕ್ಕೆ ಬಳಸುವ ಓಡಿನ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ಅನ್ನು ಸ್ಯಾಮ್‌ಸಂಗ್ ಸಾರ್ವಜನಿಕರಿಗಾಗಿ ಬಿಟ್ಟಿದ್ದಲ್ಲ. ವಾರಂಟಿ ಇರುವ ಟ್ಯಾಬ್ ಆದರೆ ಸರ್ವಿಸ್ ಸೆಂಟರ್‌ನವರಿಗೇ ಬಿಡಿ. ಕೈ ಹಾಕುವುದೇ ಆದರೆ ಲ್ಯಾಪ್‌ಟಾಪ್‌ನಲ್ಲೇ ಮಾಡಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಮಾಡುವಾಗ ನಡುವೆ ಕರೆಂಟ್ ಹೋದರೆ ಟ್ಯಾಬ್ ಅರೆಬರೆ ಸ್ಥಿತಿಯಲ್ಲಿ ನಿಲ್ಲುತ್ತದೆ. ಟ್ಯಾಬ್‌ನಿಂದ ಗೂಗಲ್ ಖಾತೆ ತೆಗೆದುಹಾಕಿ. ಆಫ್ ಮಾಡಿ, ಎರಡೂ ವಾಲ್ಯೂಮ್ ಬಟನ್ ಹಿಡಿದು ಕೇಬಲ್ ಸಿಕ್ಕಿಸಿ, ಎಚ್ಚರಿಕೆಯ ಪರದೆ ಬಂದಾಗ ವಾಲ್ಯೂಮ್ ಅಪ್ ಒತ್ತಿದರೆ ಡೌನ್‌ಲೋಡ್ ಮೋಡ್. ಫೈಲುಗಳಲ್ಲಿ ಬಿಎಲ್ (ಬೂಟ್‌ಲೋಡರ್), ಎಪಿ (ಸಿಸ್ಟಮ್), ಸಿಪಿ (ಮೋಡೆಮ್), ಸಿಎಸ್‌ಸಿ (ದೇಶ, ನೆಟ್‌ವರ್ಕ್‌ನ ಸೆಟ್ಟಿಂಗ್) ಎಂದು ಭಾಗಗಳಿರುತ್ತವೆ. ಸಿಮ್ ಇಲ್ಲದ ವೈಫೈ ಮಾಡೆಲ್‌ನಲ್ಲಿ ಸಿಪಿ ಇಲ್ಲದಿರುವುದು ಸಹಜ. ‘ಹೋಮ್ ಸಿಎಸ್‌ಸಿ’ ಎಂಬ ಇನ್ನೊಂದು ಫೈಲ್ ಡೇಟಾ ಉಳಿಸುತ್ತದೆಂದು ಆಸೆಯಿಂದ ಅದನ್ನೇ ಹಾಕುವವರಿದ್ದಾರೆ. ಆವೃತ್ತಿ ಇಳಿಸುವಾಗ ಅದು ಬೇಡ. ಹೊಸ ಆ್ಯಂಡ್ರಾಯ್ಡ್ ಬರೆದ ಡೇಟಾವನ್ನು ಹಳೆಯದು ಓದಲಾರದೆ ಲೋಗೋದಲ್ಲೇ ಸುತ್ತುತ್ತದೆ. ಸಾದಾ ಸಿಎಸ್‌ಸಿ ಹಾಕಿ, ಡೇಟಾ ಹೋಗುವುದೆಂದು ಒಪ್ಪಿಕೊಂಡೇ ಮಾಡಿ.

ಲೆನೊವೊ ಕಂಪನಿಯೂ ಕಂಪ್ಯೂಟರ್‌ನಿಂದ ಸಿಸ್ಟಮ್ ಮತ್ತೆ ಹಾಕುವ ಸಾಧನ ಕೊಡುತ್ತದೆ. ಅದು ರಿಪೇರಿಗೆ, ಇಳಿಸುವುದಕ್ಕಲ್ಲ.

ಬೂಟ್‌ಲೋಡರ್ ಅನ್‌ಲಾಕ್ ಮಾಡಿ ಬೇರೆಯವರು ಕಟ್ಟಿದ ಸಿಸ್ಟಮ್ ಹಾಕುವ ದಾರಿಯೂ ಇದೆ. ಅನ್‌ಲಾಕ್ ಆದ ಕ್ಷಣ ಡೇಟಾ ಪೂರ್ತಿ ಅಳಿಯುತ್ತದೆ, ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳು ಅಂಥ ಸಾಧನವನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ, ಸ್ಯಾಮ್‌ಸಂಗ್‌ನಲ್ಲಿ ನಾಕ್ಸ್ ಎಂಬ ರಕ್ಷಣಾ ವ್ಯವಸ್ಥೆಯ ಗುರುತು ಶಾಶ್ವತವಾಗಿ ಬದಲಾಗಿ ಸೆಕ್ಯೂರ್ ಫೋಲ್ಡರ್ ಕೆಲಸ ನಿಲ್ಲಿಸುತ್ತದೆ. ಕಂಪನಿ ಕೈಬಿಟ್ಟ ಹಳೆಯ ಟ್ಯಾಬ್‌ಗೆ ಮಾತ್ರ ಇದು ಸರಿ.

ಇವು ಕಂಡರೆ ನಿಲ್ಲಿಸಿ

ಪರದೆಯ ಅಂಚು ಮೇಲೆದ್ದಿದ್ದರೆ, ಹಿಂಬದಿ ಉಬ್ಬಿದ್ದರೆ, ಮೇಜಿನ ಮೇಲಿಟ್ಟಾಗ ಟ್ಯಾಬ್ ತೊಟ್ಟಿಲಿನಂತೆ ತೂಗಿದರೆ ಬ್ಯಾಟರಿ ಊದಿದೆ. ಚಾರ್ಜರ್ ಕಿತ್ತು, ಆಫ್ ಮಾಡಿ, ಬೆಂಕಿ ಹತ್ತದ ಜಾಗದಲ್ಲಿ ಇಡಿ. ಒತ್ತಿ ಕೂರಿಸಲು, ಬಿಚ್ಚಲು ಹೋಗಬೇಡಿ. ಲಿಥಿಯಂ ಸೆಲ್ ತೂತಾದರೆ ಬೆಂಕಿ ಹತ್ತುತ್ತದೆ.

ಚಾರ್ಜರ್ ಹಾಕಿದಾಗ ಸುಟ್ಟ ವಾಸನೆ ಬಂದರೂ ಅಷ್ಟೇ. ಕಂಪ್ಯೂಟರ್‌ಗೆ ಸಿಕ್ಕಿಸಿದರೆ ಯಾವ ಮೋಡ್‌ನಲ್ಲೂ ಟ್ಯಾಬ್ ಪತ್ತೆಯಾಗದಿದ್ದರೆ, ಡೇಟಾ ಸಾಗಿಸಬಲ್ಲ ಬೇರೆ ಕೇಬಲ್‌ನಲ್ಲಿ ಒಮ್ಮೆ ನೋಡಿ. ಬರೀ ಚಾರ್ಜಿಂಗ್ ಕೇಬಲ್‌ನಿಂದ ಅರ್ಧ ದಿನ ಒದ್ದಾಡುವವರು ಬಹಳ. ಅದರಲ್ಲೂ ಕಾಣದಿದ್ದರೆ ದೋಷ ಪೋರ್ಟ್ ಅಥವಾ ಬೋರ್ಡ್‌ನಲ್ಲಿದೆ. ಬ್ಯಾಕಪ್ ಇಲ್ಲದ ಫೋಟೊಗಳು ಒಳಗಿದ್ದರೆ ರೀಸೆಟ್‌ಗೂ, ಓಡಿನ್‌ಗೂ ಕೈಹಾಕದೆ ಹಾಗೇ ಕೊಂಡೊಯ್ಯಿರಿ, ‘ಡೇಟಾ ಅಳಿಸಬಾರದು’ ಎಂದು ಜಾಬ್ ಶೀಟ್‌ನಲ್ಲಿ ಬರೆಸಿ. ಜೊತೆಗೆ ಆ ಚೀಟಿ ಕೊಡಿ: ಮಾಡೆಲ್, ಬಿಲ್ಡ್, ಪ್ಯಾಚ್ ದಿನಾಂಕ, ಅಪ್‌ಡೇಟ್ ಹಾಕಿದ ದಿನ. ಕೆಳಗೆ, ಈವರೆಗೆ ನೀವು ಏನೇನು ಒತ್ತಿದ್ದೀರಿ ಎನ್ನುವುದನ್ನೂ ಮುಚ್ಚಿಡದೆ ಬರೆಯಿರಿ.